ಆರೋಗ್ಯವಂತರ ಸಾಲು

ನಮ್ಮ ಪ್ರಯೋಗಾಲಯದ ಫ್ರೀಜರಿನಲ್ಲಿ ರೋಗಿಗಳ ರಕ್ತಕ್ಕೆ ಎಂದೂ ಬರವಿರಲಿಲ್ಲ. ಬರವಿದ್ದದ್ದು ಆರೋಗ್ಯವಂತರ ರಕ್ತಕ್ಕೆ. ಕೇಳಿದವರು ನಗುತ್ತಾರೆ. ನಗಲಿ. ಕ್ಯಾನ್ಸರ್ ಸಂಶೋಧನೆಯಲ್ಲಿ ಟೆಕ್ನಿಷಿಯನ್ ಆಗಿ ಇಷ್ಟು ವರ್ಷ ದುಡಿದ ನನಗೆ ಅದರಷ್ಟು ತಲೆನೋವು ಕೊಟ್ಟ ಕೆಲಸ ಇನ್ನೊಂದಿಲ್ಲ.

ಸ್ತನದ ಗಡ್ಡೆ ರಕ್ತದೊಳಗೆ ಬಿಡುವ ಸಣ್ಣ ಸಣ್ಣ ಗುರುತುಗಳನ್ನು ಬೇಗನೆ ಪತ್ತೆ ಹಚ್ಚಬಹುದೇ ಎಂದು ನಾವು ಹುಡುಕುತ್ತಿದ್ದೆವು. ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನಬೇಕಾದರೆ ಸರಿಯಾದ ಉಪ್ಪಿನ ರುಚಿ ನಾಲಿಗೆಗೆ ಗೊತ್ತಿರಬೇಕಲ್ಲ? ಹಾಗೆಯೇ ರೋಗಿಯ ಟ್ಯೂಬಿನ ಜೊತೆಗೆ ಹೋಲಿಸಲು ಅದೇ ವಯಸ್ಸಿನ, ಆ ರೋಗ ಬಾರದ ಹೆಂಗಸಿನ ಟ್ಯೂಬೂ ಬೇಕು. ಲ್ಯಾಬಿನ ಹುಡುಗಿಯರು ಕೇಳಿದ ಕೂಡಲೇ ಕೈ ಚಾಚುತ್ತಿದ್ದರು. ನಾನೂ ಎಷ್ಟೋ ಸಲ ಕೊಟ್ಟಿದ್ದೇನೆ. ಆದರೆ ರೋಗಿಗಳಲ್ಲಿ ಹೆಚ್ಚಿನವರು ಐವತ್ತು ದಾಟಿದವರು, ನಮ್ಮ ಎಳೆಯ ರಕ್ತ ಅವರ ಹೋಲಿಕೆಗೆ ಉಪಯೋಗವಿಲ್ಲ.

ಆ ವಯಸ್ಸಿನವರು ಚೆನ್ನೈಯಲ್ಲಿ ಇಲ್ಲವೇ? ತಾಂಬರಂನಿಂದ ಹೊರಡುವ ಎಲೆಕ್ಟ್ರಿಕ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಬೆಳಿಗ್ಗೆ ಅವರ ನಡುವೆಯೇ ಒತ್ತಿಕೊಂಡು ನಿಲ್ಲುತ್ತೇನೆ. ಮೇಲಿನ ಹಿಡಿ ಹಿಡಿದ ಕೈಗಳಲ್ಲಿ ಎಂಥ ಒಳ್ಳೆಯ ನರಗಳು! ಒಂದೆರಡು ಸಲ ಪರಿಚಯದವರನ್ನು ಕೇಳಿಯೂ ನೋಡಿದೆ. ಕ್ಯಾನ್ಸರ್ ಎಂಬ ಮಾತು ಬಾಯಿಂದ ಹೊರಬಿದ್ದದ್ದೇ ತಡ, ಸೆರಗು ಎಳೆದು ಕೈ ಮುಚ್ಚಿಕೊಂಡರು. ಏನೂ ಆಗದವರ ರಕ್ತವನ್ನು ಆ ರೋಗದ ಹೆಸರಲ್ಲಿ ಯಾಕೆ ತೆಗೆಯಬೇಕು, ಬೇಡದ್ದನ್ನು ಕರೆದ ಹಾಗಾಗುತ್ತದೆ ಎಂಬ ಭಯ. ಆರೋಗ್ಯವಂತರ ಸಾಲು ತುಂಬದಿದ್ದರೆ ಈ ಕೆಲಸವನ್ನು ಇಲ್ಲಿಗೇ ಬಿಡಬೇಕಾಗುತ್ತದೆ ಎಂದು ನಮ್ಮ ಮುಖ್ಯ ವಿಜ್ಞಾನಿ ಮೇಡಂ ಹೇಳಿದ ದಿನ ನನಗೆ ರೇಗಿತು. ನಮ್ಮ ಹೋಟೆಲಿನಲ್ಲೇ ಬೇಕಾದಷ್ಟು ಹೆಂಗಸರಿದ್ದಾರೆ, ನಾನು ಕೊಡಿಸುತ್ತೇನೆ ಎಂದುಬಿಟ್ಟೆ.

ನಮ್ಮದು ಕುಂದಾಪುರದ ಕಡೆಯ ಮನೆತನ. ಚೆನ್ನೈಯ ಪ್ಯಾರೀಸ್ ಕಾರ್ನರ್ ಹತ್ತಿರ ಅಜ್ಜನ ಕಾಲದಿಂದ ಸಸ್ಯಾಹಾರಿ ಹೋಟೆಲು. ಅಲ್ಲಿ ಗಲ್ಲಾಪೆಟ್ಟಿಗೆ ದೊಡ್ಡಪ್ಪನದಾದರೂ ಮಾತು ನಡೆಯುವುದು ದೊಡ್ಡಮ್ಮನದು. ಅವರಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ.

"ರಕ್ತ ಕೊಟ್ರೆ ನೀವ್ ಎಂತ ಕೊಡ್ತ್ರಿ?"

"ಜ್ಯೂಸ್ ಕೊಡ್ತ್ರ್ ದೊಡ್ಡಮ್ಮ."

"ನಮ್ ಹೋಟ್ಲಂಗೆ ನಿಮ್ ಪ್ಯಾಕೆಟ್ ಜ್ಯೂಸಾ! ಬೇಡ, ಮುಸಂಬಿ ನಾನೇ ಹಿಂಡಿಸ್ತೆ. ನೀ ಬಾ."

ಮಧ್ಯಾಹ್ನದ ಊಟ ಮುಗಿದು ಸಂಜೆಯ ಟಿಫಿನ್ ಶುರುವಾಗುವ ನಡುವೆ ಮಹಡಿಯ ಹಾಲ್ ಖಾಲಿ ಇರುತ್ತದೆ. ಅಲ್ಲಿ ಮೇಜು ಹಾಕಿಕೊಂಡು ಕೂತೆ. ಜೊತೆಗೆ ಬಂದಿದ್ದ ಡಾಕ್ಟರು ಪ್ರತಿಯೊಬ್ಬರಿಗೂ ವಿಷಯ ತಿಳಿಸಿ ಒಪ್ಪಿಗೆ ಕೇಳುತ್ತಿದ್ದರು. ನಮ್ಮ ಬಳಗದ ಹೆಂಗಸರು, ತರಕಾರಿ ಹೆಚ್ಚುವವರು, ಪಾತ್ರೆ ತೊಳೆಯುವವರು ಎಲ್ಲ ಸಾಲಾಗಿ ನಿಂತರು. ಮೊದಲ ಟ್ಯೂಬು ತುಂಬಿ ತಲೆಯೆತ್ತಿದರೆ, ಸಾಲಿನ ಮಧ್ಯೆ ಅಮ್ಮ.

ಕೈಯಲ್ಲಿದ್ದ ಟ್ಯೂಬನ್ನು ಮೇಜಿನ ಮೇಲಿಟ್ಟೆ. ಅದಕ್ಕೆ ಐದು ವರ್ಷದ ಹಿಂದೆ ಅಮ್ಮನಿಗೆ ಎಡ ಸ್ತನದ ಆಪರೇಷನ್ ಆಗಿತ್ತು, ಆಮೇಲೆ ಕೀಮೋ. ಅಪ್ಪನನ್ನೂ ನನ್ನನ್ನೂ ಬಿಟ್ಟರೆ ಬೇರೆ ಯಾರಿಗೂ ತಿಳಿಯಕೂಡದೆಂದು ಅವಳದೇ ಹಟ. ಅಯ್ಯೋ ಪಾಪ ಎನ್ನಿಸಿಕೊಳ್ಳುವುದು ಅವಳಿಗೆ ಕಾಯಿಲೆಗಿಂತ ದೊಡ್ಡ ಕಷ್ಟ. ಪಿತ್ತಕೋಶದ ಕಲ್ಲು ಎಂದೆವು, ಕೂದಲು ಹೋದಾಗ ಊರಿಗೆ ಹೋಗಿದ್ದಾಳೆ ಎಂದೆವು. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರಿಂದ ಆ ಎಡಗೈಗೆ ಸೂಜಿ ಚುಚ್ಚಬಾರದು, ಭಾರ ಕೊಡಬಾರದು. ಅವಳು ದಿನಾ ಅಡುಗೆಮನೆಯ ಕೆಲಸಕ್ಕೆ ಬರುವ ಹೋಟೆಲಿನಲ್ಲಿ ಅದಕ್ಕೆ ಭುಜನೋವು ಎಂಬ ಹೆಸರು. ಈಗ ಇಸ್ತ್ರಿ ಮಾಡಿದ ಸೀರೆಯುಟ್ಟು, ಬಲಗೈಯ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ನಗುನಗುತ್ತಾ ನಿಂತಿದ್ದಾಳೆ.

ಒಮ್ಮೆ ಕ್ಯಾನ್ಸರ್ ಬಂದವರನ್ನು, ಎಷ್ಟೇ ಗುಣವಾಗಿರಲಿ, ಆರೋಗ್ಯವಂತರ ಗುಂಪಿಗೆ ಸೇರಿಸುವ ಹಾಗಿಲ್ಲ. ಸುಮ್ಮನೆ ತೆಗೆದು ಆಮೇಲೆ ಚೆಲ್ಲಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೀಮೋದಿಂದ ನರಗಳೆಲ್ಲ ಗಟ್ಟಿಯಾದ ಆ ಬಲಗೈಗೆ ಸುಳ್ಳಿಗಾಗಿ ಇನ್ನೊಂದು ಸೂಜಿ ಚುಚ್ಚಲು ನನಗೆ ಮನಸ್ಸು ಬರಲಿಲ್ಲ. ಅವಳನ್ನು ಹಾಲ್‌ನ ಹಿಂದಿದ್ದ ಪಾತ್ರೆ ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋದೆ.

"ಅಮ್ಮ, ನಿನ್ ರಕ್ತ ತಕಂಬೂಕೆ ಆತಿಲ್ಲೆ. ಇದ್ ಆ ಕಾಯಿಲೆ ಬರದೇ ಇದ್ದವ್ರಿಗೆ ಮಾತ್ರ."

"ಡಾಕ್ಟ್ರ್ ಸರಿಯಾಯ್ತ್ ಅಂತ ಹೇಳಿದ್ರಲೆ? ವರ್ಷಕ್ಕೊಂದ್ ಸಲ ಬಂದ್ರೆ ಸಾಕ್ ಅಂದಿದ್ರ್. ಈಗ ನೀ ಸರಿಯಾಯ್ಲಿಲ್ಲೆ ಅಂತ್ಯಾ?"

ಜೀವಕೋಶ, ರಕ್ತದಲ್ಲಿ ಉಳಿಯುವ ಗುರುತು ಎಂದು ಏನೇನೋ ಹೇಳಲು ಹೋದೆ. ಅವಳು ತಡೆದಳು.

"ನಾ ಹುಷಾರಿದ್ದೆ ಅಂತ ಒಂದ್ ಕಡೆಯಾರೂ ಲೆಕ್ಕ ಆಗಲಿ ಅಂತ ಬಂದದ್ದ್ ಮಾರಾಯ್ತಿ. ಅಷ್ಟೇ."

ನನಗೆ ಅಳು ಬಂತು. ಬಿಪಿ ಜಾಸ್ತಿ ಇದೆ ಅಂತ ಹೇಳೋಣವೇ ಎಂದು ಕೇಳಿದೆ. ಅವಳು ಮೇಲಕ್ಕೆ ಸರಿಸಿದ್ದ ಬಳೆಗಳನ್ನು ಕೆಳಕ್ಕೆ ಇಳಿಸಿಕೊಂಡಳು. ಆಮೇಲೆ ಹಾಲ್‌ಗೆ ಹೋದಳು. ನಾನು ಹಿಂದೆಯೇ ಓಡಿದೆ.

ಅಷ್ಟರಲ್ಲಿ ಸಾಲು ಅಲುಗಾಡತೊಡಗಿತ್ತು. ಅವರದನ್ನು ಯಾಕೆ ತೆಗೆಯಲಿಲ್ಲ, ಏನೋ ಇದೆ ಎಂದು ತಮಿಳಿನಲ್ಲಿ ಗುಸುಗುಸು. "ಎಂತಾಯ್ತ್?" ಎಂದರು ದೊಡ್ಡಮ್ಮ.

"ನಂದ್ ಆತಿಲ್ಲೆ ಅಕ್ಕ. ನಂಗೆ ಕ್ಯಾನ್ಸರ್ ಬಂದಿತ್ತ್. ಐದ್ ವರ್ಷ ಆಯ್ತ್. ಈ ಎಡಗೈಗೆ ಭುಜನೋವೂ ಇಲ್ಲೆ, ಎಂತದೂ ಇಲ್ಲೆ, ಆಪರೇಷನ್ ಆದ್ದ್." ಇಷ್ಟನ್ನೂ ಅಮ್ಮ ಸಾಂಬಾರಿಗೆ ಬೇಳೆ ಎಷ್ಟು ಹಾಕಬೇಕೆಂದು ಹೇಳುವ ಧಾಟಿಯಲ್ಲೇ ಹೇಳಿದಳು. "ನಿಮ್ಗೆಲ್ಲ ಬರ್ಲಿಲ್ಲೆ ಅಲ್ದಾ? ನೀವ್ ಕೊಡಿ."

ದೊಡ್ಡಮ್ಮ ಅಳುತ್ತಾರೇನೋ ಎಂದುಕೊಂಡೆ. ಅವರು ಬೈದರು.

"ಐದ್ ವರ್ಷ! ನಂಗ್ ಒಂದ್ ಮಾತ್ ಹೇಳೂಕಾಯ್ಲಿಲ್ಯಾ ನಿಂಗೆ? ಭುಜನೋವ್ ಬರೀ ನೆಪ ಅಂದ್ಕಂಡ್ ಎಷ್ಟ್ ಬೈದೆ ನಾನ್! ಹಿಟ್ಟಿನ ಪಾತ್ರೆ ಎತ್ತಿಸ್ದೆ!" ಬಯ್ಯುತ್ತಲೇ ಬಂದು ನನ್ನೆದುರು ಕುರ್ಚಿಯಲ್ಲಿ ಕೂತು ಕೈ ಚಾಚಿದರು. "ಎಂತ ನನ್ನ್ ಮುಖ ಕಾಣ್ತೆ? ತೆಗಿ."

ಇಬ್ಬರು ಏನೋ ನೆವ ಹೇಳಿ ಮೆಲ್ಲನೆ ಕೆಳಗಿಳಿದರು. ಉಳಿದವರೆಲ್ಲ ಕೊಟ್ಟರು. ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿ ಹಿಡಿಯುವ ಕೆಲಸವನ್ನು ಅಮ್ಮ ತಾನೇ ವಹಿಸಿಕೊಂಡಳು. ಮಧ್ಯೆ ಒಬ್ಬಾಕೆ ಅವಳ ಕಿವಿಯಲ್ಲಿ ಏನೋ ಕೇಳಿದ್ದು, ಅಮ್ಮ ನಮ್ಮ ಡಾಕ್ಟರ ಕಡೆ ಕೈ ತೋರಿಸಿದ್ದು ಕಂಡೆ. ಐಸ್ ಡಬ್ಬ ಹಿಡಿದು ಲ್ಯಾಬಿಗೆ ಹೊರಟಾಗ ನನ್ನ ಖುಷಿ ಹೇಳತೀರದು. ಆದರೆ ಒಂದು ಕಡೆಯಾದರೂ ಲೆಕ್ಕ ಆಗಲಿ ಎಂಬ ಅಮ್ಮನ ಮಾತು ಕೊರೆಯುತ್ತಲೂ ಇತ್ತು.

ಸಾಲು ತುಂಬಿತು, ಕೆಲಸ ನಿಲ್ಲಲಿಲ್ಲ. ಕಳೆದ ವರ್ಷ ಮೇಡಂ ಇನ್ನೊಂದು ಗುಂಪು ಸೇರಿಸಿದರು: ಚಿಕಿತ್ಸೆ ಮುಗಿಸಿ ಚೆನ್ನಾಗಿರುವವರದು. ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಲ್ಯಾಬಿನಲ್ಲಿ ಅವಳ ಬಲಗೈಯ ನರ ಬೇಗ ಸಿಗಲಿಲ್ಲ, ಸೂಜಿ ಹೊರಗೆ ತೆಗೆದೆ. "ನಿಧಾನ ಮಾಡ್, ನಂಗೆಂತ ಅವಸರ ಇಲ್ಲೆ," ಎಂದಳು. ಎರಡನೆಯ ಸಲಕ್ಕೆ ಸಿಕ್ಕಿತು. ಟ್ಯೂಬಿನ ಮೇಲೆ ಹೆಸರಿಲ್ಲ, ಬರೀ ನಂಬರು. ಫಲಿತಾಂಶವನ್ನು ಯಾರಿಗೂ ಹೇಳುವುದಿಲ್ಲ ಎಂದೆ. ಅವಳು ಅದನ್ನು ಕೇಳಲೂ ಇಲ್ಲ. ಎಲ್ಲಿ ಇಡುತ್ತೀ ಎಂದಷ್ಟೇ ಕೇಳಿದಳು. ಆರೋಗ್ಯವಂತರ ಸಾಲಿನ ಪಕ್ಕದಲ್ಲೇ ಎಂದು ಫ್ರೀಜರಿನ ಕಡೆ ತೋರಿಸಿದೆ.

ಸಂಜೆ ಇಬ್ಬರೂ ಹೋಟೆಲಿಗೆ ಹೋದೆವು. ಅಮ್ಮನ ಮೊಣಕೈಯ ಹತ್ತಿ ಕಂಡು ದೊಡ್ಡಮ್ಮನ ಮುಖ ಬಾಡಿತು.

"ಎಂತ ಮಾರಾಯ್ತಿ, ಪುನಃ ಪರೀಕ್ಷೆಗೆ ರಕ್ತ ತೆಗ್ದ್ರಾ?"

"ಇಲ್ಲೆ ಅಕ್ಕ," ಎಂದಳು ಅಮ್ಮ. "ಈ ಸಲ ತೆಗ್ಸ್ಕಂಬೂಕೆ ಹೋದ್ದಲ್ಲ. ಕೊಡೂಕೆ ಹೋದ್ದ್."