ಮಾಸ್ತರ ಬರೆದ ಕರೀ ಚೆಂಡುಹೂವು

ಮುಂಬೈ ಸರಕಾರ ಇದ್ದಾಗಿನ ಮಾತು. ನನ್ನ ತಂಗಿ ಮೆಚ್ಚಿದ ವರ ಬನಹಟ್ಟಿಯ ಚಿತ್ರದ ಮಾಸ್ತರ. ಅವರ ಮನಿ ನೋಡಾಕ ನಾನು, ಅಣ್ಣ ಹೋಗಿದ್ವಿ. ಗ್ವಾಡಿಗೆ ಅಂವ ಬರೆದ ಚಿತ್ರ ಇತ್ತು, ಬಣ್ಣ ಇನ್ನೂ ಹಸಿ. ಗಡಿಗ್ಯಾಗ ಚೆಂಡುಹೂವು ಖರೆ, ಆದ್ರ ಎಲ್ಲಾ ಕರ್ರಗ, ದಂಟು ಸೊಟ್ಟ, ಗಡಿಗಿ ಈಗ ಬಿದ್ದೀತು ಅನ್ನೂಹಂಗ.

ಅಣ್ಣ ನನ್ನ ಕಿವ್ಯಾಗ, "ಹುಚ್ಚ ಅದಾನ. ಏಳವಾ, ಹೋಗೂಣು" ಅಂದ.

ತಂಗಿ ಮಾರಿ ನೆನಪಾಗಿ ನಾನು ಏಳಲಿಲ್ಲ. ಕೇಳೇಬಿಟ್ಟೆ, "ಮಾಸ್ತರ, ಮನ್ಯಾಗ ಯಾರರ ತೀರಿಕೊಂಡಾರೇನ್ರಿ?"

ಮಾಸ್ತರ ತಲಿ ತಗ್ಗಿಸಿದ.

"ಇಲ್ರೀ ಅಕ್ಕಾರ. ನೀವು ಬಂದು ಬ್ಯಾಡ ಅಂದ್ರ ಹೆಂಗ ಅಂತ ಮುಂಜಾನಿಂದ ಅಂಜಿಕಿ. ಅದನ್ನ ಬರೆದೇನ್ರಿ."

ಅಣ್ಣ ನಕ್ಕ. ಸಂಬಂಧ ಕೂಡಿತು.

ಅಂಜೀನಿ ಅಂತ ಬಾಯಿಬಿಟ್ಟು ಹೇಳಿದ ಗಂಡಸನ್ನ ನನ್ನ ಆಯುಷ್ಯದಾಗ ನೋಡಿದ್ದು ಅವನೊಬ್ಬನ್ನ.