ಎಮ್ಮೆ ಕಟ್ಟಿದ ಶಾಫ್ಟು

ನನ್ನ ಹಳೇ ಫೋರ್‌ವೀಲ್ ಪಿಕಪ್ಪಿನ ಕಥೆ ಕೇಳಿ ಕೇಳಿ ನಿಮಗೆಲ್ಲ ಸಾಕಾಗಿದೆ, ಗೊತ್ತು. ಆದರೂ ಇವತ್ತಿನದ್ದೊಂದು ಕೇಳಿಬಿಡಿ.

ಗಾಡಿಯನ್ನು ಮೊದಲಿನ ಹಾಗೆ ಮಾಡಲು ಹೊರಟು, ಯಾರೋ ಕೂರಿಸಿದ್ದ ಟ್ರಾಕ್ಟರ್ ಸೀಟು, ಕಬ್ಬು ತುಂಬಲು ವೆಲ್ಡ್ ಮಾಡಿಸಿದ್ದ ಕಂಬಿಗಳು ಎಲ್ಲ ಕಿತ್ತಾಯಿತು. ಆದರೆ ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೂ ಮುಟ್ಟಿಸಿ ಗಾಡಿಯನ್ನು ಫೋರ್‌ವೀಲ್ ಮಾಡುವ ಶಾಫ್ಟೇ ಇರಲಿಲ್ಲ. ಡೀಸೆಲ್ ಉಳಿಯುತ್ತದೆಂದು ಅದನ್ನು ಬಿಚ್ಚಿಟ್ಟುಕೊಂಡವರು ನನಗೆ ಗಾಡಿ ಮಾರಿದ ಅಕ್ಕಿಹೆಬ್ಬಾಳಿನ ಬೋರಣ್ಣ. ಬೆಳಿಗ್ಗೆ ಅದೇ ಗಾಡಿಯಲ್ಲಿ ಅವರ ಮನೆಗೆ ಹೋದೆ.

ಶಾಫ್ಟು ಸಿಕ್ಕಿತು. ಕೊಟ್ಟಿಗೆಯಲ್ಲಿ ಸಿಮೆಂಟು ಹಾಕಿ ನೆಟ್ಟು, ಅರಿಸಿನ ಕುಂಕುಮ ಹಚ್ಚಿ, ಅದಕ್ಕೆ ಎಮ್ಮೆ ಕಟ್ಟಿದ್ದರು.

"ಬ್ಯಾರೆ ಗೂಟ ನಾನೇ ನೆಟ್ಕೊಡ್ತೀನಿ ಕಣಕ್ಕ, ಇದ್ನ ಕೊಟ್ಬುಡಿ" ಎಂದೆ.

ಬೋರಣ್ಣನ ಹೆಂಡತಿ ಹಾಲಿನ ಕ್ಯಾನು ಕೆಳಗಿಟ್ಟರು. "ಆಗಾಕಿಲ್ಲ ಕಣಪ್ಪ. ಗೂಟ ಬದಲಾಯ್ಸುದ್ರೆ ಇದು ಹಾಲೇ ಕೊಡಾಕಿಲ್ಲ. ಡೈರಿಗೆ ನೀನು ಹಾಕ್ತೀಯಾ?"

"ಅವ್ಳು ಹೇಳುದ್‌ಮ್ಯಾಕೆ ಮುಗೀತು, ಬುಡ್ಲಾ" ಎಂದರು ಬೋರಣ್ಣ.

ಬರಿಗೈಯಲ್ಲಿ ಗಾಡಿ ಹತ್ತಿದೆ. ತಿಪ್ಪೆ ಪಕ್ಕದ ಕೆಸರಿನಲ್ಲಿ ಹಿಂದಿನ ಚಕ್ರಗಳು ಹೂತುಕೊಂಡು, ನಿಂತಲ್ಲೇ ಸುತ್ತತೊಡಗಿದವು. ಎಷ್ಟು ಆಕ್ಸಿಲರೇಟರ್ ಒತ್ತಿದರೂ ಗಾಡಿ ಅಲ್ಲಾಡಲಿಲ್ಲ. ಬೋರಣ್ಣ ಕೊಟ್ಟಿಗೆಯ ಬಾಗಿಲಲ್ಲಿ, ಅದೇ ಶಾಫ್ಟಿನ ಪಕ್ಕ ನಿಂತು ಕೂಗಿದರು:

"ಲೇ, ಯಾಕ್ಲಾ ಒದ್ದಾಡ್ತೀಯಾ? ಫೋರ್‌ವೀಲ್ ಹಾಕ್ಲಾ!"

ಹಾಕಬಹುದಿತ್ತು, ಎಮ್ಮೆ ಒಪ್ಪಿದ್ದರೆ.