ಇಸ್ತ್ರಿಯವನ ಬೂದಿ

ನಿಮ್ಮ ಅಜ್ಜ ತೀರಿಕೊಂಡ ದಿನ ನಾನು ಅಳಲಿಲ್ಲ. ಬಂದವರಿಗೆ ನೀರು ಕೊಡಲು ಲೋಟಗಳು ಸಾಕಾಗುತ್ತವೆಯೇ ಎಂದು ನೋಡುತ್ತಿದ್ದೆ. ಆಮೇಲೂ ಅಳು ಬರಲಿಲ್ಲ. ನಿಮ್ಮ ಅಮ್ಮ ನನ್ನನ್ನು ಲೋಧಿ ಕಾಲೋನಿಯ ಈ ಕ್ವಾರ್ಟರ್ಸಿಗೆ ಕರೆದುಕೊಂಡು ಬಂದಳು. ಬೆಳಿಗ್ಗೆ ನೀವೆಲ್ಲ ಹೊರಟ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ ನೀವು ಶಾಲೆಯಿಂದ ಬರುವಾಗಲೂ ಅಲ್ಲೇ ಇರುತ್ತಿದ್ದೆ. ಅದನ್ನು ದುಃಖ ಎನ್ನಲಾರೆ. ಜೋಮು ಹಿಡಿದ ಕಾಲನ್ನು ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು.

ಪಾರ್ಕಿನ ಮೂಲೆಯಲ್ಲಿ ಮೊದಲು ಕಸ ಬೀಳುತ್ತಿದ್ದ ಜಾಗವನ್ನು ಕಾಲೋನಿಯ ಹೆಂಗಸರೇ ಅಗೆದು ತೋಟ ಮಾಡಿಕೊಂಡಿದ್ದರು. ನಡೆಸುತ್ತಿದ್ದವರು ಹಿಂದಿನ ಬ್ಲಾಕಿನ ಒಬ್ಬ ನಿವೃತ್ತ ಟೀಚರು. ಬೆಳೆದುದರಲ್ಲಿ ಅರ್ಧ ಹತ್ತಿರದ ಅಂಗನವಾಡಿಯ ಮಕ್ಕಳಿಗೆ ಹೋಗುತ್ತಿತ್ತು. ಮನೆಯೊಳಗೆ ಮಂಕಾಗಿ ಕೂತ ಹೆಂಗಸರನ್ನು ಹುಡುಕಿ ಎಳೆದು ತರುವುದೂ ಟೀಚರು ತಾವಾಗಿ ಹಚ್ಚಿಕೊಂಡ ಕೆಲಸ. ನಿಮ್ಮ ಅಮ್ಮ ಹೇಳಿರಬೇಕು, ಒಂದು ದಿನ ನಮ್ಮ ಬಾಗಿಲಿಗೇ ಬಂದರು. "ಚಲೋ ಮಾಜೀ, ಕುರ್ಚಿಗೂ ಸ್ವಲ್ಪ ರಜಾ ಕೊಡಿ" ಎಂದು ಹಿಂದಿಯಲ್ಲಿ ಹೇಳಿ ಕೈ ಹಿಡಿದರು. ಬೇಡ ಎನ್ನುವುದಕ್ಕೆ ಮಾತಾಡಬೇಕಾಗುತ್ತದೆ. ಅದಕ್ಕಿಂತ ಹೋಗುವುದೇ ಸುಲಭ ಎನಿಸಿ ಹೋದೆ.

ಇದೇ ದೆಹಲಿಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ್ದರೂ ನನ್ನ ಹಿಂದಿ ತರಕಾರಿ ಭಯ್ಯಾನ ಗಾಡಿಯಿಂದ ಆಚೆಗೆ ಹೋಗಿರಲಿಲ್ಲ. ಟೀಚರು ನನ್ನನ್ನು ನಮ್ಮ ಮೇಲಿನ ಮನೆಯ ಹುಡುಗಿಯ ಜೊತೆಗೆ ನೀರು ಹಾಕಲು ಬಿಟ್ಟರು. ಅವಳಿಗೆ ಏಳು ತಿಂಗಳಿಗೆ ಮಗು ಹೊಟ್ಟೆಯಲ್ಲೇ ಹೋಗಿತ್ತು. ಅವಳೂ ಮಾತಾಡುತ್ತಿರಲಿಲ್ಲ. ಪೈಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನಲ್ಲಿಯ ಹತ್ತಿರ ನನ್ನ ಕೈಯಲ್ಲಿ. ಉಳಿದ ಹೆಂಗಸರು ನಮ್ಮನ್ನು ನೋಡಿ ನಗುತ್ತಿದ್ದರು.

"ಟೀಚರ್‌ಜೀ, ಇವರಿಬ್ಬರನ್ನ ಬೇರೆ ಬೇರೆ ಮಾಡಿ. ಹರಟೆ ಕೇಳಿ ಕೇಳಿ ತಲೆನೋವು ಬಂತು!"

ಗೋಡೆಯ ಪಕ್ಕದ ಸಣ್ಣ ಮಡಿ ಆ ಹುಡುಗಿಯದು. ಅದರಲ್ಲಿ ಅವಳು ಸೇಮ್ ಹಾಕಿದ್ದಳು, ನಮ್ಮ ಚಪ್ಪರದವರೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಕೈಯಾರೆ ಮಾಡಿದ ಮೊದಲ ಕೆಲಸ ಅದೇ ಎಂದು ಟೀಚರು ನಿಮ್ಮ ಅಮ್ಮನಿಗೆ ಹೇಳಿದ್ದರಂತೆ. ಬಳ್ಳಿಗಳು ದಾರ ಹಿಡಿದು ಮೊಣಕಾಲುದ್ದ ಹತ್ತಿದ್ದವು. ದಿನವೂ ಬಂದ ಕೂಡಲೇ ಅವಳು ಒಂದೊಂದು ಕುಡಿಯನ್ನೂ ಬೆರಳಿನಿಂದ ಮುಟ್ಟುತ್ತಿದ್ದಳು. ಆಮೇಲೆ ಪೈಪು ಹಿಡಿಯುತ್ತಿದ್ದಳು.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಕುಡಿಗಳಿಗೆ ಕರಿ ಹೇನು ಹತ್ತಿದ್ದನ್ನು ನೋಡಿದೆ. ಅವಳು ಇನ್ನೂ ನೋಡಿರಲಿಲ್ಲ. ನಮ್ಮೂರಿನಲ್ಲಿ ಅವರೆಗೆ ಹೇನು ಬಿದ್ದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಇಬ್ಬನಿ ಆರುವ ಮೊದಲು ಒಲೆಯ ಬೂದಿಯನ್ನು ಎಲೆಗೆ ಎರಚಿ, ಬುಡಕ್ಕೂ ಒಂದಿಷ್ಟು ಹಾಕುತ್ತೇವೆ. ಇಲ್ಲಿ ಒಲೆ ಎಲ್ಲಿ? ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುವ ಭಯ್ಯಾನ ಇದ್ದಲ ಪೆಟ್ಟಿಗೆ ನೆನಪಾಯಿತು. ಡಬ್ಬಿ ಒಡ್ಡಿ ಬೂದಿ ಕೇಳಿದೆ. ಪಾತ್ರೆ ತಿಕ್ಕಲು ಎಂದುಕೊಂಡು ಅವನು ತುಂಬಿಸಿ ಕೊಟ್ಟ. ಮಾರನೆಯ ದಿನ ಯಾರೂ ಬರುವ ಮೊದಲೇ ಹೋಗಿ ಕೈತುಂಬ ಎರಚಿದೆ, ಬುಡಕ್ಕೂ ಸುರಿದು ನೀರು ಹಾಕಿದೆ. ಅವರೆಲ್ಲ ಬರುವ ಹೊತ್ತಿಗೆ ಬೂದಿ ನೀರಿನ ಜೊತೆ ಮಣ್ಣಿಗೆ ಇಳಿದಿತ್ತು. ಅಜ್ಜ ಹೋದ ಮೇಲೆ ಹೇಳಿಸಿಕೊಳ್ಳದೆ ನಾನು ಮಾಡಿದ ಕೆಲಸ ಅದೊಂದೇ.

ಮೂರನೆಯ ದಿನಕ್ಕೆ ಎಲೆಯ ಅಂಚು ಸುಟ್ಟಂತಾಯಿತು. ಐದನೆಯ ದಿನ ಬಳ್ಳಿಗಳು ದಾರದಲ್ಲೇ ಜೋತುಬಿದ್ದವು. ಟೀಚರು ಎಲೆ ತಿರುಗಿಸಿ ನೋಡಿ ಏನೋ ರೋಗ ಎಂದರು. ಹುಡುಗಿ ಒಣಗಿದ ಒಂದು ಕುಡಿಯನ್ನು ಬೆರಳಿನಿಂದ ಮುಟ್ಟಿದಳು. "ಯೇ ಭೀ" ಎಂದಳು. ಇದೂ ಕೂಡ. ತನ್ನ ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಂಡು ಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ನಾನು ಇಸ್ತ್ರಿಯವನ ಹತ್ತಿರ ಹೋಗಿ ಉಳಿದ ಬೂದಿ ತೋರಿಸಿ, ಗಿಡ ಎಂದೆ. ಅವನು ಹಣೆ ಚಚ್ಚಿಕೊಂಡ. "ಅರೇ ಅಮ್ಮಾಜೀ, ಇದು ಕಟ್ಟಿಗೆ ಬೂದಿ ಅಲ್ಲ, ಪತ್ಥರ್ ಕಾ ಕೋಯ್ಲಾ!" ಕಲ್ಲಿದ್ದಲಿನದು. ಬೂದಿಯೆಂದರೆ ಬೂದಿ ಎಂದುಕೊಂಡಿದ್ದ ನನಗೆ ಅದರಲ್ಲೂ ಜಾತಿಯಿದೆ ಎಂದು ಅರವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

ಆಗಲೂ ಏನೂ ಅನ್ನಿಸಲಿಲ್ಲ, ನಿಜ ಹೇಳುತ್ತಿದ್ದೇನೆ. ಊಟ ಮಾಡಿದೆ, ನಿದ್ದೆಯೂ ಬಂತು. ನನ್ನ ಮೇಲೆ ಯಾರಿಗೂ ಅನುಮಾನ ಇರಲಿಲ್ಲ, ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಆದರೆ ಮೇಲಿನ ಮನೆಯಲ್ಲಿ ಅವಳು ನಡೆದಾಡುವ ಸದ್ದು ಮೊದಲು ಕೇಳುತ್ತಿತ್ತು. ಈಗ ಅದು ನಿಂತಿತ್ತು. ಅವಳು ತನ್ನ ಕೈಯನ್ನೇ ದೂರುತ್ತಾ ಕೂತಿದ್ದಾಳೆ ಎಂದು ನನಗೆ ಗೊತ್ತಿತ್ತು. ಹಾಗಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ. ಹೀಗೆ ಎಂಟು ದಿನ ಹೋದವು.

ದೊಡ್ಡವಳೇ, ಅವತ್ತು ಸಂಜೆ ನೀನು ಹೋಂವರ್ಕ್ ಮಾಡುತ್ತಿದ್ದೆ.

"ಆ ಬೂದಿ ಹಾಕಿದ್ದು ನಾನು ಅಂತ ಹಿಂದಿಯಲ್ಲಿ ಹೇಗೆ ಹೇಳೋದು?" ಎಂದು ಕೇಳಿದೆ.

"ಬೂದಿ ಮತ್ಲಬ್? ಆಶ್ ಅಲ್ವಾ? ಯಾರ ಮೇಲೆ ಹಾಕಿದ್ರಿ ಅಜ್ಜಿ?"

ನಿನ್ನ ತಮ್ಮ ಮಂಚದಿಂದ ಕೂಗಿದ, "ಅಜ್ಜಿ ಬ್ಲ್ಯಾಕ್ ಮ್ಯಾಜಿಕ್ ಮಾಡ್ತಾರೆ!"

ನಕ್ಕು ನಕ್ಕು ಸಾಕಾದ ಮೇಲೆ ಹೇಳಿಕೊಟ್ಟಿರಿ. ವೋ ರಾಖ್ ಮೈನೇ ಡಾಲೀ ಥೀ. ಯಾಕೆ ಎಂದು ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮರುದಿನ ಬೂದಿಯನ್ನು ಪೇಪರಿನಲ್ಲಿ ಕಟ್ಟಿಕೊಂಡು ಮೆಟ್ಟಿಲು ಹತ್ತಿದೆ. ಅವಳು ಬಾಗಿಲು ತೆರೆದಳು. ತಲೆ ಬಾಚಿರಲಿಲ್ಲ. ಪೊಟ್ಟಣ ಬಿಚ್ಚಿ ಕಲಿತ ಮಾತನ್ನು ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿ, ಕೈಯಿಂದ ಎರಚುವ ಹಾಗೆ ಮಾಡಿ ತೋರಿಸಿದೆ. "ಸೇಮ್" ಎಂದೆ. "ಕೀಡಾ" ಎಂದೆ, ಹುಳ ಎಂದು.

"ನೀವಾ?"

"ಹಾಂ."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಇಲ್ಲವೇ ಹೋಗಲಿ ಬಿಡಿ ಎನ್ನುತ್ತಾಳೆ ಎಂದು. ಅವಳಿಗೆ ಸಿಟ್ಟು ಬಂತು. ಅಷ್ಟು ತಿಂಗಳಲ್ಲಿ ಅವಳ ದನಿ ಇಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. ಅರ್ಧ ಮಾತು ತಿಳಿಯಲಿಲ್ಲ. ತಿಳಿದದ್ದು ಇಷ್ಟು: "ಎಂಟು ದಿನದಿಂದ ನನ್ನ ಕೈಯಲ್ಲಿ ಏನೂ ಬದುಕಲ್ಲ ಅಂತ ಕೂತಿದ್ದೀನಿ ಆಂಟೀ! ಅತ್ತೆ ಹೇಳಿದ್ದೇ ನಿಜ ಅಂದ್ಕೊಂಡೆ. ನೀವು ಕೆಳಗೇ ಇದ್ರಿ. ಒಂದು ಮಾತು ಹೇಳೋಕೆ ಬಾಯಿ ಇರಲಿಲ್ವಾ?"

ಇರಲಿಲ್ಲ. ಅದನ್ನು ಹಿಂದಿಯಲ್ಲಿ ಹೇಗೆ ಹೇಳುವುದು ಎಂದು ನಿಮ್ಮನ್ನು ಕೇಳಿಕೊಂಡು ಬಂದಿರಲಿಲ್ಲ. ಪೊಟ್ಟಣವನ್ನು ಮತ್ತೆ ಮಡಿಚಿದೆ.

"ಚಲೋ" ಎಂದು ಚಪ್ಪಲಿ ಮೆಟ್ಟಿ ಅವಳು ಮುಂದೆ ನಡೆದಳು. ತೋಟದಲ್ಲಿ ಟೀಚರು, ಇನ್ನೂ ನಾಲ್ಕೈದು ಜನ ಪಾಲಕ್ ಕೊಯ್ಯುತ್ತಿದ್ದರು. ಅವಳು ನನ್ನ ಕಡೆ ಬೆರಳು ತೋರಿಸಿ ಎಲ್ಲರಿಗೂ ಕೇಳುವಂತೆ ಹೇಳಿದಳು, "ರೋಗ ಅಲ್ಲ, ಏನೂ ಅಲ್ಲ. ಈ ಆಂಟಿ ಸಾಯಿಸಿದ್ದು!"

ಎಲ್ಲರೂ ಕುಡುಗೋಲು ನಿಲ್ಲಿಸಿ ನನ್ನನ್ನು ನೋಡಿದರು. "ಮೌನಿ ಬಾಬಾ ಭಾರಿ ಕೆಲಸ ಮಾಡಿದ್ದಾರೆ" ಎಂದು ಒಬ್ಬಳು ನಕ್ಕಳು. ಟೀಚರು ಅವಳನ್ನು ಗದರಿದರು. ಹುಟ್ಟಿದಾಗಿನಿಂದ ನಾಲ್ಕು ಜನರ ಎದುರು ನಿಲ್ಲಲು ಹೆದರಿದವಳು ನಾನು. ಶಾಲೆಯಲ್ಲಿ ಪದ್ಯ ಬಾಯಿಗೆ ಬರುತ್ತಿದ್ದರೂ ಎದ್ದು ಹೇಳುತ್ತಿರಲಿಲ್ಲ. ಆದರೂ ಆ ದಿನ ಓಡಿಹೋಗಬೇಕು ಎನ್ನಿಸಲಿಲ್ಲ. ನಿಂತಿದ್ದೆ, ಅಷ್ಟೇ.

ಅವಳು ಮಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಸತ್ತ ಬಳ್ಳಿಗಳನ್ನು ಬೇರುಸಹಿತ ಕೀಳತೊಡಗಿದಳು. ಬೂದಿ ಬಿದ್ದ ಮಣ್ಣನ್ನೂ ಎರಡೂ ಕೈಯಿಂದ ಬಾಚಿ ತಗಡಿನ ಬುಟ್ಟಿಗೆ ಹಾಕಿದಳು. ತುಂಬಿದ ಮೇಲೆ ತಲೆ ಎತ್ತದೆ ಅದನ್ನು ನನ್ನ ಕಡೆಗೆ ತಳ್ಳಿದಳು.

"ಎತ್ತಿ. ಗೇಟಿನ ಆಚೆ ಹಾಕಿ ಬನ್ನಿ. ಇನ್ನೂ ಎರಡು ಬುಟ್ಟಿ ಇದೆ."

ಬುಟ್ಟಿ ಭಾರವಾಗಿತ್ತು. ಸೊಂಟಕ್ಕೆ ಆನಿಸಿಕೊಂಡು ಹೋಗಿ ಸುರಿದು ಬಂದೆ.